ಲೋಹ ಹಿಡಿಯುವ ಕಪ್ಪು ಪುಡಿ

ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಹೊಸ ಸುದ್ದಿಯೇನಲ್ಲ. ಪ್ಲೇಟಿಂಗ್, ಅಂದರೆ ವಸ್ತುಗಳಿಗೆ ಲೋಹದ ಲೇಪ ಹಾಕುವ ಕೆಲಸ ಇದ್ದ ಕಡೆಯೆಲ್ಲ ಈ ತೊಂದರೆ ಇದ್ದದ್ದೇ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 0.05 ಮಿಲಿಗ್ರಾಂಗಿಂತ ಜಾಸ್ತಿ ಕ್ರೋಮಿಯಂ ಇರಬಾರದು. ಸೀಸಕ್ಕೆ ಈ ಮಿತಿ 0.01 ಮಿಲಿಗ್ರಾಂ. ಪಾದರಸಕ್ಕಂತೂ ಬರೀ 0.001.

ಲೋಹ ತುಂಬಿದ ಕೊಳಕು ನೀರಿಗೆ ಸುಣ್ಣ ಹಾಕುವುದು ಹಳೆಯ ಉಪಾಯ. ಲೋಹ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಆದರೆ ಕೊನೆಗೆ ಉಳಿಯುವ ಚೂರುಪಾರು ಸುಣ್ಣಕ್ಕೆ ಬಗ್ಗುವುದಿಲ್ಲ. ವಿಷದ ಲೆಕ್ಕದಲ್ಲಿ ಮುಖ್ಯವಾದದ್ದು ಆ ಚೂರುಪಾರೇ.

ಇಲ್ಲಿ ಬ್ಯಾಕ್ಟೀರಿಯಾದ ಬಣ್ಣಗಳು ಕೆಲಸಕ್ಕೆ ಬರುತ್ತವೆ. ಅವುಗಳಲ್ಲಿ ಒಂದು ಮೆಲನಿನ್. ನಮ್ಮ ಕೂದಲು, ಚರ್ಮಕ್ಕೆ ಬಣ್ಣ ಕೊಡುವ ಗುಂಪಿನದೇ ವಸ್ತು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಸುಮಾರು ಅದೇ ರೀತಿಯ ರಸಾಯನಕ್ರಿಯೆ ಇದು. ಟೈರೋಸಿನ್ ಎಂಬ ಅಮೈನೋ ಆಮ್ಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಅದನ್ನು ಕಿಣ್ವದಿಂದ ಮೆಲನಿನ್ ಮಾಡುತ್ತವೆ. ಬೆಳೆಸಿದ ದ್ರವ ಕಪ್ಪಾಗುತ್ತದೆ. ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಆ ದ್ರವಕ್ಕೆ ಆಮ್ಲ ಹಾಕಿದರೆ ಬಣ್ಣ ಪುಡಿಯಾಗಿ ತಳ ಸೇರುತ್ತದೆ.

ಈ ಪುಡಿಗೆ ಜೀವವಿಲ್ಲ. ನನಗೆ ತುಂಬಾ ಹಿಡಿಸಿದ್ದು ಅದೇ. ಲೋಹ ಹೀರಲು ಜೀವಂತ ಬ್ಯಾಕ್ಟೀರಿಯಾ ಬಿಟ್ಟರೆ ಅದಕ್ಕೆ ಆಹಾರ ಬೇಕು, ಹದವಾದ ಬಿಸಿ ಬೇಕು. ವಿಷ ಜಾಸ್ತಿಯಾದರೆ ಅದೇ ಸಾಯುತ್ತದೆ. ಬಣ್ಣಕ್ಕೆ ಈ ಯಾವ ರಗಳೆಯೂ ಇಲ್ಲ.

ಲೋಹ ಅಂಟಿಕೊಳ್ಳುವುದು ಹೇಗೆ? ಮೆಲನಿನ್ ಅಣುವಿನ ತುಂಬಾ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್, ಅಮೈನ್ ಎಂಬ ಪರಮಾಣು ಗುಂಪುಗಳಿವೆ. ಸೀಸ, ತಾಮ್ರ, ಪಾದರಸ ನೀರಿನಲ್ಲಿ ಸಾಮಾನ್ಯವಾಗಿ ಧನ ಆವೇಶದ ಅಯಾನುಗಳಾಗಿರುತ್ತವೆ. ಅವು ಈ ಗುಂಪುಗಳಿಗೆ ಕಚ್ಚಿಕೊಳ್ಳುತ್ತವೆ. ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಆರು ವೇಲೆನ್ಸಿಯ ಕ್ರೋಮಿಯಂ ಮಾತ್ರ ಉಲ್ಟಾ. ಅದು ಆಮ್ಲಜನಕದ ಜೊತೆ ಸೇರಿ ಋಣ ಆವೇಶದ ಕ್ರೋಮೇಟ್ ಆಗಿ ಓಡಾಡುತ್ತದೆ. ನೀರು ಆಮ್ಲೀಯವಾಗಿದ್ದರೆ ಮೆಲನಿನ್‌ನ ಅಮೈನ್ ಗುಂಪುಗಳು ಧನ ಆವೇಶ ಪಡೆದು ಅದನ್ನು ಸೆಳೆಯುತ್ತವೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಮೆಲನಿನ್ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಮೂರು ವೇಲೆನ್ಸಿಯ ಕ್ರೋಮಿಯಂ ಆಗಿಸುತ್ತದೆ. ಇದರ ವಿಷ ಬಹಳ ಕಡಿಮೆ.

ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯ ಸಂಶೋಧಕರು ಇದನ್ನು ಮಾಡಿ ನೋಡಿದ್ದಾರೆ. ಸಮುದ್ರ ಮೂಲದ ಸ್ಯೂಡೋಮೊನಾಸ್ ಸ್ಟುಟ್ಜೆರಿ ಎಂಬ ಬ್ಯಾಕ್ಟೀರಿಯಾದಿಂದ ಮೆಲನಿನ್ ತೆಗೆದು, ಪಾದರಸ, ಸೀಸ, ತಾಮ್ರ, ಕ್ರೋಮಿಯಂ ನಾಲ್ಕರ ಮೇಲೂ ಪ್ರಯೋಗಿಸಿ 2018ರಲ್ಲಿ ಪ್ರಕಟಿಸಿದರು. ಆಮೇಲೆ ಮೆಲನಿನ್ ಲೇಪಿಸಿದ ಪೊರೆಯನ್ನೂ, ಮೆಲನಿನ್ ಸೇರಿಸಿದ ಇದ್ದಿಲನ್ನೂ ಪರೀಕ್ಷಿಸಿದರು. ಅದು ಸರಿಯಾದ ದಾರಿ. ಸಣ್ಣ ಪುಡಿಯನ್ನು ಸುಮ್ನೆ ನೀರಿಗೆ ಸುರಿದರೆ ಮತ್ತೆ ಅದನ್ನು ಸೋಸಿ ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ.

ಸ್ಯೂಡೋಮೊನಾಸ್ ಜಾತಿಯ ಇನ್ನೊಂದು ಬಣ್ಣ ಪಯೋವರ್ಡಿನ್. ಹಸಿರು ಮಿಶ್ರಿತ ಹಳದಿ. ಅತಿನೇರಳೆ ಬೆಳಕಿಗೆ ಹೊಳೆಯುತ್ತದೆ. ಕಬ್ಬಿಣ ಸಿಗದಾಗ ಅದನ್ನು ಹಿಡಿದು ತರಲು ಬ್ಯಾಕ್ಟೀರಿಯಾ ಇದನ್ನು ಹೊರಗೆ ಬಿಡುತ್ತದೆ. ಕಬ್ಬಿಣ ಸಿಕ್ಕೊಡನೆ ಹೊಳಪು ಆರುತ್ತದೆ. ಹಾಗಾಗಿ ಶುದ್ಧೀಕರಣಕ್ಕಿಂತ ಲೋಹ ಪತ್ತೆಗೆ ಇದು ಹೆಚ್ಚು ಉಪಯೋಗ ಎಂದು ನನ್ನ ಅನಿಸಿಕೆ.

ತೊಡಕುಗಳೂ ಇವೆ. ಕ್ಷಾರ ಜಾಸ್ತಿ ಇದ್ದ ನೀರಿನಲ್ಲಿ ಮೆಲನಿನ್ ಕರಗುತ್ತದೆ, ಅಂದರೆ ಸುಣ್ಣ ಹಾಕಿದ ನೀರನ್ನು ನೇರವಾಗಿ ಇದರ ಮೇಲೆ ಹರಿಸುವಂತಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅದೇ ಜಾಗಗಳಿಗೆ ಪೈಪೋಟಿ ನಡೆಸುತ್ತವೆ. ಲ್ಯಾಬಿನ ಶುದ್ಧ ನೀರಿನಲ್ಲಿ ಬಂದ ಫಲಿತಾಂಶ ಕಾರ್ಖಾನೆಯ ಚರಂಡಿಯಲ್ಲಿ ಹಾಗೇ ಬರುತ್ತದೆ ಎನ್ನಲಾಗದು. ಟೈರೋಸಿನ್ ಖರ್ಚು ಬೇರೆ.

ಲೋಹವಂತೂ ಎಲ್ಲಿಗೂ ಮಾಯವಾಗುವುದಿಲ್ಲ. ತುಂಬಿದ ಪುಡಿಯನ್ನು ಆಮ್ಲದಲ್ಲಿ ತೊಳೆದರೆ ಅದು ಲೋಹವನ್ನು ಬಿಟ್ಟುಕೊಡುತ್ತದೆ, ಪುಡಿಯನ್ನು ಮತ್ತೆ ಬಳಸಬಹುದು. ಸಾವಿರಾರು ಲೀಟರಿನಲ್ಲಿ ಹರಡಿದ್ದ ಲೋಹ ಈಗ ಸ್ವಲ್ಪ ಆಮ್ಲದಲ್ಲಿ ಒಟ್ಟಾಗಿರುತ್ತದೆ. ಅದು ತಾಮ್ರವಾದರೆ ಪ್ಲೇಟಿಂಗ್‌ನವರೇ ಮರಳಿ ಪಡೆಯಬಹುದು. ಪಾದರಸವಾದರೆ ಅಪಾಯಕಾರಿ ತ್ಯಾಜ್ಯ ಹೂಳುವ ಜಾಗಕ್ಕೆ ಕಳಿಸಬೇಕು, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.