ಇಂಡೆಮ್ನಿಟಿ: ‘ದೇಖ್ ಲೇಂಗೆ’ಯ ಕಾಗದದ ರೂಪ

ಮುಂಬೈಯ ಮುಲುಂಡಿನ ನಮ್ಮ ಹಳೇ ಕಟ್ಟಡ, ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗುವ ಮಾತು ಶುರುವಾದಾಗಿನಿಂದ ಬಿಲ್ಡರ್ ಕಡೆಯವರದು ಒಂದೇ ಉತ್ತರ. ಪಕ್ಕದ ಕಟ್ಟಡದವರು ತಕರಾರು ತೆಗೆದರೆ? ‘ಹಮ್ ದೇಖ್ ಲೇಂಗೆ’, ಅಂದರೆ ನಾವು ನೋಡ್ಕೋತೇವೆ. ಪಾಲಿಕೆ ದಂಡ ಹಾಕಿದರೆ? ‘ದೇಖ್ ಲೇಂಗೆ.’ ಕರಾರಿನ ಕರಡು ಬಂದ ದಿನ ಎರಡನೇ ಮಹಡಿಯ ಶೆಟ್ಟರು ಕೇಳಿದರು, ‘ಈ ಇಂಡೆಮ್ನಿಟಿ ಅಂದ್ರೆ ಎಂತ ಮಾರಾಯ್ರೆ?’ ಅದೇ ದೇಖ್ ಲೇಂಗೆ, ಸ್ಟಾಂಪ್ ಪೇಪರಿನ ಮೇಲೆ ಅಂದೆ.

ಕನ್ನಡದಲ್ಲಿ ನಷ್ಟಭರ್ತಿ ಎನ್ನಬಹುದು. ‘ನನ್ನಿಂದಾಗಲಿ, ಬೇರೆಯವರಿಂದಾಗಲಿ ನಿನಗೆ ನಷ್ಟವಾದರೆ ನಾನು ಪಾರು ಮಾಡುತ್ತೇನೆ’ ಎಂದು ಒಬ್ಬರು ಇನ್ನೊಬ್ಬರಿಗೆ ಕೊಡುವ ಮಾತು ಇದು. 1872ರ ಕರಾರು ಕಾಯ್ದೆಯ 124ನೇ ಸೆಕ್ಷನ್ನಿನಲ್ಲಿದೆ. ಆ ಸೆಕ್ಷನ್ ಹೇಳುವುದು ಮನುಷ್ಯರ ನಡೆಯಿಂದಾದ ನಷ್ಟದ ಮಾತು ಮಾತ್ರ. ಮಳೆ, ಭೂಕಂಪಕ್ಕೆ ಇನ್ಶೂರೆನ್ಸ್ ಬೇರೆಯೇ ಮಾಡಿಸಬೇಕು. ಜಾಮೀನೂ ಇದಲ್ಲ. ಜಾಮೀನಿನಲ್ಲಿ ಸಾಲಗಾರ, ಸಾಲ ಕೊಟ್ಟವ, ಜಾಮೀನುದಾರ ಅಂತ ಮೂವರು. ಇಲ್ಲಿ ಇಬ್ಬರೇ.

ಇಬ್ಬರೇ ಅನ್ನೋದನ್ನು ಜನ ಮರೆಯುತ್ತಾರೆ. ಪಾಯ ತೋಡುವಾಗ ಪಕ್ಕದವರ ಗೋಡೆ ಬಿರುಕು ಬಿಟ್ಟಿತು ಅಂತಿಟ್ಟುಕೊಳ್ಳಿ. ಜಾಗ ಸೊಸೈಟಿಯದು, ಅಂದರೆ ಫ್ಲ್ಯಾಟಿನವರಾದ ನಮ್ಮೆಲ್ಲರ ಸಂಘದ್ದು, ಹಾಗಾಗಿ ನೋಟಿಸು ಸೊಸೈಟಿಗೂ ಬರಬಹುದು. ‘ಬಿಲ್ಡರ್ ಬರೆದುಕೊಟ್ಟಿದ್ದಾರೆ’ ಅಂತ ಕಾಗದ ತೋರಿಸಿದರೆ ಪಕ್ಕದವರಿಗೆ ಏನಾಗಬೇಕು? ಆ ಕರಾರಿಗೆ ಅವರು ಸಹಿ ಹಾಕಿಲ್ಲವಲ್ಲ. ನಮ್ಮ ಹೊಣೆ ನಮ್ಮ ತಲೆ ಮೇಲೇ ಇರುತ್ತದೆ. ಬಿಲ್ಡರ್ ಕಡೆ ತಿರುಗಿ ‘ಈಗ ನೋಡ್ಕೊಳ್ಳಿ’ ಅನ್ನುವ ಹಕ್ಕು ಮಾತ್ರ ನಮಗೆ ಸಿಗುತ್ತದೆ.

ಹಾಗಾದರೆ ಯಾವಾಗ ತಿರುಗಬೇಕು? ಮೊದಲು ನಾವು ದುಡ್ಡು ಕಟ್ಟಬೇಕೇ? ಕಾಯ್ದೆ ಇದನ್ನು ಬಿಡಿಸಿ ಹೇಳುವುದಿಲ್ಲ. ಉತ್ತರ ಬಂದದ್ದು ಇದೇ ಊರಿನಿಂದ, ಅದೂ ಕಟ್ಟಡದ ಜಗಳದಿಂದಲೇ. ಒಬ್ಬರು ಪಾಲಿಕೆಯಿಂದ ಗುತ್ತಿಗೆಗೆ ಪಡೆದ ಜಾಗದಲ್ಲಿ ಇನ್ನೊಬ್ಬರು ಕಟ್ಟಡ ಎಬ್ಬಿಸಿದರು. ಸಾಮಾನು ಕೊಟ್ಟ ವ್ಯಾಪಾರಿಯ ಬಾಕಿ ತೀರಲಿಲ್ಲ. ಅದಕ್ಕಾಗಿ ಜಾಗದವರು 5,000 ರೂಪಾಯಿಯಂತೆ ಎರಡು ಸಲ ಜಾಗವನ್ನು ಅಡವಿಟ್ಟರು. ಕಟ್ಟಿದವರು ಬಿಡಿಸಿಕೊಡುತ್ತೇನೆ ಅಂದರು, ಬಿಡಿಸಲಿಲ್ಲ. ಕೇಸು ಬಿದ್ದಾಗ, ‘ನೀವಿನ್ನೂ ಒಂದು ಕಾಸೂ ಕಟ್ಟಿಲ್ಲ, ನಷ್ಟವೆಲ್ಲಿ?’ ಎಂಬ ವಾದ. 1942ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅದನ್ನು ಒಪ್ಪಲಿಲ್ಲ. ಹೊಣೆ ಖಚಿತವಾಗಿ ತಲೆ ಮೇಲೆ ಕೂತಿದ್ದರೆ ಸಾಕು, ಕೈಯಿಂದ ಕಟ್ಟುವ ತನಕ ಕಾಯಬೇಕಿಲ್ಲ ಎಂದರು. ನ್ಯಾಯವೇ. ಕೈಯಲ್ಲಿ ದುಡ್ಡಿಲ್ಲದವನಿಗೆ ‘ಮೊದಲು ಕಟ್ಟು, ಆಮೇಲೆ ಕೇಳು’ ಅಂದರೆ ಆ ಮಾತು ಕೊಟ್ಟೂ ಕೊಡದ ಹಾಗೆ, ಅಲ್ವಾ?

ಇನ್ನು, ಇಂಡೆಮ್ನಿಟಿಯ ಬೆಲೆ ಬರೆದುಕೊಟ್ಟವರ ಜೇಬಿನಷ್ಟೇ. ಒಂದೊಂದು ಪ್ರಾಜೆಕ್ಟಿಗೂ ಒಂದೊಂದು ಹೊಸ ಕಂಪನಿ ಮಾಡುವವರಿದ್ದಾರೆ. ಅದರ ಖಾತೆ ಖಾಲಿಯಾದರೆ ಕಾಗದ ಸುಮ್ನೆ ಕಾಗದ. ಮಹಾರಾಷ್ಟ್ರದ 2019ರ ರೀಡೆವಲಪ್‌ಮೆಂಟ್ ಮಾರ್ಗಸೂಚಿ, ಯೋಜನಾ ವೆಚ್ಚದ ಶೇ 20ರಷ್ಟು ಬ್ಯಾಂಕ್ ಗ್ಯಾರಂಟಿಯನ್ನು, ಅಂದರೆ ಬಿಲ್ಡರ್ ತಪ್ಪಿದರೆ ಬ್ಯಾಂಕೇ ದುಡ್ಡು ಕೊಡುವ ಭರವಸೆಯನ್ನು, ಬಿಲ್ಡರಿನಿಂದ ಕೇಳುವುದು ಸುಮ್ನೆ ಅಲ್ಲ.

ನಮ್ಮ ಕರಡಿನಲ್ಲಿ ‘ಸೊಸೈಟಿಯು ವಾಸ್ತವವಾಗಿ ಪಾವತಿಸಿದ ನಷ್ಟ’ ಎಂದಿತ್ತು. ಹೈಕೋರ್ಟ್ ತೆರೆದ ಬಾಗಿಲನ್ನು ಎರಡೇ ಪದದಲ್ಲಿ ಮುಚ್ಚುವ ಜಾಣತನ. ಶೆಟ್ಟರು ಕೆಂಪು ಪೆನ್ನು ಕೇಳಿದರು.