ಕೇಬಲಿಗೆ ‘ವರ್ಷನ್’ ಎಲ್ಲಿಂದ ಬಂತು?

ಬಳ್ಳಾರಿಯ ಬೆಂಗಳೂರು ರೋಡಿನ ಒಂದು ಅಂಗಡಿಯಲ್ಲಿ ಹೋದ ವಾರ ಎಚ್‌ಡಿಎಂಐ ಕೇಬಲ್, ಅಂದರೆ ಟಿವಿಗೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ವೈರು, ಕೇಳಿದೆ. ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತದೆ, ‘ಯಾವ ವರ್ಷನ್ ಕೊಡ್ಲಿ ಸರ್? 1.4, 2.0, 2.1 ಮೂರೂ ಐತೆ’ ಅಂದ. ಮೂರು ಡಬ್ಬಿ ಮುಂದಿಟ್ಟ. ಮೂರರ ಮೇಲೂ ಆ ಅಂಕಿ ದಪ್ಪಗೆ ಅಚ್ಚಾಗಿತ್ತು. ಹುಡುಗನದೇನೂ ತಪ್ಪಿಲ್ಲ, ಡಬ್ಬಿಯೇ ಹಾಗೆ ಹೇಳುವಾಗ ಅವನೇನು ಮಾಡಿಯಾನು? ಆದರೆ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಎಚ್‌ಡಿಎಂಐ ಕೇಬಲಿಗೆ ವರ್ಷನ್ ಅನ್ನುವುದೇ ಇಲ್ಲ.

ವರ್ಷನ್ ಇರುವುದು ಬರಹಕ್ಕೆ. ಇಲ್ಲಿ ಆ ಬರಹವೆಂದರೆ ಎಚ್‌ಡಿಎಂಐ ನಿಯಮಾವಳಿ: ಸೋನಿ, ಪ್ಯಾನಸೋನಿಕ್, ಹಿಟಾಚಿ, ಫಿಲಿಪ್ಸ್, ತೋಶಿಬಾ, ಥಾಮ್ಸನ್, ಸಿಲಿಕಾನ್ ಇಮೇಜ್ ಎಂಬ ಏಳು ಕಂಪನಿಗಳು ಸೇರಿ 2002ರ ಡಿಸೆಂಬರಿನಲ್ಲಿ ಹೊರತಂದ ದಾಖಲೆ. ಅದು 1.0. ಆಮೇಲೆ ತಿದ್ದಿ ಬೆಳೆಸುತ್ತ 2009ರಲ್ಲಿ 1.4, 2013ರಲ್ಲಿ 2.0, 2017ರಲ್ಲಿ 2.1, 2025ರಲ್ಲಿ 2.2 ಬಂದವು. ತಿದ್ದಿದ್ದು ದಾಖಲೆಯನ್ನು. ಪುಸ್ತಕದ ಎರಡನೇ ಆವೃತ್ತಿ ಬಂದರೆ ಅದನ್ನು ಹೊತ್ತು ತಂದ ಪೋಸ್ಟ್‌ಮ್ಯಾನ್‌ನನ್ನು ಯಾರೂ ‘ಎರಡನೇ ಆವೃತ್ತಿಯ ಪೋಸ್ಟ್‌ಮ್ಯಾನ್’ ಅನ್ನುವುದಿಲ್ಲ.

ಆವೃತ್ತಿ ಅಂದೆನಲ್ಲ, ಈ ಪದದ ಹತ್ತಿರ ಸ್ವಲ್ಪ ಕೂರೋಣ. ‘ವರ್ಷನ್’ ಲ್ಯಾಟಿನ್ನಿನ ‘ವೆರ್ಟೆರೆ’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಅರ್ಥ, ತಿರುಗಿಸು. ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ಅನುವಾದ, ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸಿದ್ದು. ನಮ್ಮ ‘ಆವೃತ್ತಿ’ಯೊಳಗೆ ಇರುವುದು ಸಂಸ್ಕೃತದ ‘ವೃತ್’ ಧಾತು. ಅದಕ್ಕೂ ತಿರುಗು ಎಂದೇ ಅರ್ಥ. ವೃತ್ತ, ಆವರ್ತ, ಪರಿವರ್ತನೆ ಎಲ್ಲ ಅದೇ ಮನೆಯ ಮಕ್ಕಳು. ವೆರ್ಟೆರೆ ಮತ್ತು ವೃತ್ ಒಂದೇ ಮೂಲದಿಂದ ಕವಲೊಡೆದ ಅಣ್ಣತಮ್ಮಂದಿರು. ಅಂದರೆ ವರ್ಷನ್‌ಗೆ ಆವೃತ್ತಿ ಅಂತ ಕನ್ನಡ ಮಾಡಿದವರು, ತಿಳಿದೋ ತಿಳಿಯದೆಯೋ, ದಾಯಾದಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ.

ಇದಕ್ಕೊಂದು ಬಾಲವಿದೆ. ಎಷ್ಟೋ ಪುಸ್ತಕಗಳ ಒಳಪುಟದಲ್ಲಿ ‘ದ್ವಿತೀಯ ಆವೃತಿ’ ಅಂತ ಒತ್ತು ನುಂಗಿ ಅಚ್ಚಾಗಿರುತ್ತದೆ. ಅದು ಬೇರೆ ಪದ, ಬೇರೆ ಧಾತು. ‘ವೃ’ ಅಂದರೆ ಮುಚ್ಚು, ಸುತ್ತುವರಿ. ಮೋಡದಿಂದ ಆವೃತವಾದ ಆಕಾಶ ಅನ್ನುತ್ತೇವಲ್ಲ, ಅದು. ಆವೃತಿ ಅಂದರೆ ಹೊದಿಕೆ. ಹಾಗೆ ನೋಡಿದರೆ ಆ ಹುಡುಗ ಮುಂದಿಟ್ಟ 2.1 ಕೇಬಲಿಗೆ ಬೆಳ್ಳಿ ಬಣ್ಣದ ನೈಲಾನ್ ಹೆಣಿಗೆಯ ಸೊಗಸಾದ ಆವೃತಿ ಇತ್ತು. ಇಲ್ಲದ್ದು ಆವೃತ್ತಿ.

ಹಾಗಾದರೆ ಕೇಬಲಿಗೆ ಇರುವುದೇನು? ದರ್ಜೆ. ತುಂಗಭದ್ರೆಯ ಕಾಲುವೆ ನೆಚ್ಚಿಕೊಂಡ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಚ್‌ಎಲ್‌ಸಿಗೆ (ಮೇಲ್ಮಟ್ಟದ ಕಾಲುವೆಗೆ) ಎಷ್ಟು ಕ್ಯೂಸೆಕ್ ಬಿಟ್ಟರು, ಎಲ್‌ಎಲ್‌ಸಿಗೆ (ಕೆಳಮಟ್ಟದ್ದಕ್ಕೆ) ಎಷ್ಟು ಅಂತ ಕೇಳುತ್ತೇವೆಯೇ ಹೊರತು ಕಾಲುವೆಯ ವರ್ಷನ್ ಯಾವುದು ಅಂತ ಯಾರಾದರೂ ಕೇಳಿದ್ದುಂಟೇ? ಕೇಬಲಿನಲ್ಲೂ ಲೆಕ್ಕ ಅಷ್ಟೇ, ಸೆಕೆಂಡಿಗೆ ಎಷ್ಟು ಹರಿದೀತು. ಹೈ ಸ್ಪೀಡ್ ಅನ್ನುವ ದರ್ಜೆಯಲ್ಲಿ 10.2 ಗಿಗಾಬಿಟ್ (ಒಂದು ಗಿಗಾಬಿಟ್ ಅಂದರೆ ನೂರು ಕೋಟಿ ಬಿಟ್), ಪ್ರೀಮಿಯಂ ಹೈ ಸ್ಪೀಡ್‌ನಲ್ಲಿ 18, ಅಲ್ಟ್ರಾ ಹೈ ಸ್ಪೀಡ್‌ನಲ್ಲಿ 48. ಈಗ 2.2ರ ಜೊತೆ ಬಂದಿರುವ ಅಲ್ಟ್ರಾ96ಗೆ ಹೆಸರೇ ಹೇಳುವಂತೆ 96. ಇವು ಅಧಿಕೃತ ಹೆಸರುಗಳು. ಕೇಬಲ್ ಮೇಲೆ ವರ್ಷನ್ ಅಂಕಿ ಹಾಕಕೂಡದು ಅಂತ ಎಚ್‌ಡಿಎಂಐ ಪರವಾನಗಿ ಕೊಡುವವರೇ ನಿಯಮ ಮಾಡಿದ್ದಾರೆ. ಆದ್ದರಿಂದ ಡಬ್ಬಿಯ ಮೇಲೆ ‘2.1ವಿ’ ಅಂತ ದಪ್ಪಕ್ಷರ ಕಂಡರೆ ನನಗೆ ತಿಳಿಯುವುದು ಒಂದೇ: ಇದನ್ನು ಮಾಡಿದವನು ಆ ನಿಯಮ ಓದಿಲ್ಲ, ಅಥವಾ ಓದಿಯೂ ಲೆಕ್ಕಕ್ಕಿಟ್ಟಿಲ್ಲ.

ನಮ್ಮ ಸೋದರಮಾವ ಮಹಡಿಯ ಕೋಣೆಯಲ್ಲಿ ಹೋಂ ಥಿಯೇಟರ್ ಮಾಡಿಸಿದಾಗ ಇಂಥದ್ದೇ 10 ಮೀಟರ್ ಕೇಬಲ್ ತಂದಿದ್ದರು. ಆಂಪ್ಲಿಫೈಯರಿನಿಂದ ಗೋಡೆಯ ಪೈಪಿನಲ್ಲಿ ಹಾದು ಸೀಲಿಂಗಿನ ಪ್ರೊಜೆಕ್ಟರಿಗೆ. ಹಗಲಿನ ದೃಶ್ಯ ಚೆನ್ನಾಗಿಯೇ ಬಂತು. ಕತ್ತಲೆಯ ದೃಶ್ಯ ಬಂದಾಗ ಕಪ್ಪಿನ ಮೇಲೆ ಬಿಳಿ ಚುಕ್ಕೆಗಳು, ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚಿಟಿಚಿಟಿ. ಎರಡು ಮೂರು ನಿಮಿಷಕ್ಕೊಮ್ಮೆ ಪರದೆ ಪೂರ್ತಿ ಕಪ್ಪಾಗಿ ಮತ್ತೆ ಬರುತ್ತಿತ್ತು. ‘ಪ್ರೊಜೆಕ್ಟರೇ ಹೋಗಿರ್ಬೇಕು ಬಿಡಪ್ಪ. ಕೇಬಲ್ ಅಂತೂ ಅಲ್ಲ, 2.1 ಐತೆ, ಡಬ್ಬಿ ಮೇಲೆ 8ಕೆ ಅಂತ ಬರ್ದೈತೆ ನೋಡು’ ಅಂದರು ಮಾವ. ನಾನು ಪ್ಲೇಯರಿನ ಸೆಟ್ಟಿಂಗಿನಲ್ಲಿ 4ಕೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ, ಇದ್ದದ್ದನ್ನು 30ಕ್ಕೆ ಇಳಿಸಿದೆ. ಚುಕ್ಕೆ ಮಾಯ.

ಕಾರಣ ಕೂಡಿಸಿ ನೋಡಬಹುದು. 4ಕೆ ಅಂದರೆ ಪರದೆಯ ಮೇಲೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ. ವೈರಿನಲ್ಲಿ ಹರಿಯುವಾಗ ಅಂಚಿನ ಖಾಲಿ ಜಾಗವೂ ಸೇರಿ 4400ಕ್ಕೆ 2250. ಸೆಕೆಂಡಿಗೆ 60 ಸಲ ಅಂದರೆ 59.4 ಕೋಟಿ ಚುಕ್ಕೆ. ಮಾಮೂಲಿ 8 ಬಿಟ್ ಬಣ್ಣ ವೈರಿನ ಮೇಲೆ 10 ಬಿಟ್ ಆಗಿ ಹೋಗುತ್ತದೆ, ಕೆಂಪು, ಹಸಿರು, ನೀಲಿ ಮೂರೂ ಸೇರಿ ಒಂದೊಂದು ಚುಕ್ಕೆಗೂ 30 ಬಿಟ್. ಗುಣಿಸಿದರೆ 17.82 ಗಿಗಾಬಿಟ್. 30 ಹರ್ಟ್ಸ್‌ಗೆ ಇಳಿಸಿದರೆ ಅದರ ಅರ್ಧ, 8.91. ಮಾವನ ಕೇಬಲ್ 8.91 ದಾಟಿಸಿತು, 17.82ಕ್ಕೆ ಏದುಸಿರು ಬಿಟ್ಟಿತು. ಡಬ್ಬಿಯ ಮೇಲಿನ ಅಂಕಿ ಏನೇ ಇರಲಿ, ಆ 10 ಮೀಟರ್ ತಾಮ್ರದ ದರ್ಜೆ ಹೈ ಸ್ಪೀಡ್‌ಗಿಂತ ಮೇಲಲ್ಲ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನದು, ಅದಕ್ಕೆ ಆ ಕೇಬಲ್ ಸಾಕಾಗುತ್ತಿತ್ತು. ಆದರೆ ಮಾವನಿಗೆ ಬೇಕಿದ್ದದ್ದು ಕ್ರಿಕೆಟ್, ಅವರ ಮಗನಿಗೆ ಗೇಮು.

ಇನ್ನೊಂದು. ‘ಟಿವಿಗಾದರೂ ವರ್ಷನ್ ಇದೆಯಲ್ಲ’ ಅಂತ ಕೇಳುತ್ತಾರೆ. ಇದೆ, ಆದರೆ ಅದನ್ನು ನಂಬಿ ದುಡ್ಡು ಬಿಚ್ಚಬೇಡಿ. 2.1 ಬಂದ ಮೇಲೆ 2.0 ಅದರೊಳಗೇ ಕರಗಿತು. 2.1ರ ಹೊಸ ಸವಲತ್ತುಗಳೆಲ್ಲ ಐಚ್ಛಿಕ. ಹಾಗಾಗಿ 18 ಗಿಗಾಬಿಟ್ಟಿನ ಹಳೇ ಸಾಮರ್ಥ್ಯದ ಟಿವಿಯನ್ನೂ ನಿಯಮಬದ್ಧವಾಗಿಯೇ 2.1 ಎಂದು ಮಾರಬಹುದು. ಕೇಳಬೇಕಾದ್ದು 4ಕೆ 120 ಹರ್ಟ್ಸ್ ತಗೊಳ್ಳುತ್ತದಾ, ಯಾವ ಪೋರ್ಟಿನಲ್ಲಿ ಅಂತ. ಎಷ್ಟೋ ಟಿವಿಗಳಲ್ಲಿ ನಾಲ್ಕರಲ್ಲಿ ಒಂದೋ ಎರಡೋ ಪೋರ್ಟಿಗೆ ಮಾತ್ರ ಆ ಯೋಗ.

‘ಎಆರ್‌ಸಿ ಕೇಬಲ್’ ಅಂತಲೂ ಕೇಳುತ್ತಾರೆ. ಎಆರ್‌ಸಿ ಅಂದರೆ ಟಿವಿಯ ಸದ್ದನ್ನು ಅದೇ ಕೇಬಲಿನಲ್ಲಿ ಸೌಂಡ್‌ಬಾರಿಗೆ ವಾಪಸ್ ಕಳಿಸುವ ಸವಲತ್ತು. ಅದು ಪೋರ್ಟಿನ ಗುಣ, ಟಿವಿಯ ಹಿಂದೆ ಹಾಗಂತ ಬರೆದಿರುವ ತೂತಿಗೆ ಸೌಂಡ್‌ಬಾರ್ ಸಿಕ್ಕಿಸಿದರಾಯಿತು. ಚಿನ್ನದ ಲೇಪನದಿಂದ ತುಕ್ಕು ಹಿಡಿಯುವುದಿಲ್ಲ. ಚಿತ್ರ ಹೊಳೆಯುವುದೂ ಇಲ್ಲ. ಕೆಂಪು-ಬಿಳಿ-ಹಳದಿ ಕಾಲದಲ್ಲಿ ವೈರು ಕೆಟ್ಟರೆ ಚಿತ್ರ ಮಬ್ಬಾಗುತ್ತಿತ್ತು. ಈಗಿನದು ಡಿಜಿಟಲ್, ಬಂದರೆ ಪೂರ್ತಿ ಬರುತ್ತದೆ, ಇಲ್ಲವೇ ಚುಕ್ಕೆ, ಇಲ್ಲವೇ ಕತ್ತಲೆ.

ಅಂಗಡಿಯಲ್ಲಿ ನೋಡಬೇಕಾದ್ದು ಡಬ್ಬಿಯ ಮೇಲಿನ ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರದ ಚೀಟಿ. ಎಚ್‌ಡಿಎಂಐನವರದೇ ಆ್ಯಪ್ ಇದೆ, ಅದರಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತದೆ. ನಾನು ಆವತ್ತು ಮೂರೂ ಡಬ್ಬಿ ತಿರುಗಿಸಿ ನೋಡಿದೆ. 8ಕೆ, 3ಡಿ, ಚಿನ್ನ ಎಲ್ಲ ಇತ್ತು, ಚೀಟಿ ಇರಲಿಲ್ಲ.

ಮಾವನ ಕತೆ ಮುಗಿಸಿಬಿಡುತ್ತೇನೆ. 48 ಗಿಗಾಬಿಟ್ ಬೇಕಾದರೆ ಬರೀ ತಾಮ್ರ ಮೂರು, ಹೆಚ್ಚೆಂದರೆ ಐದು ಮೀಟರಿಗೆ ಸುಸ್ತಾಗುತ್ತದೆ. ಅದಕ್ಕೇ ಒಳಗೆ ಗಾಜಿನ ಎಳೆಯಿರುವ ಆಪ್ಟಿಕಲ್ ಎಚ್‌ಡಿಎಂಐ ತರಿಸಿದೆವು. ಈ ಕೇಬಲಿಗೆ ತಲೆ-ಬಾಲ ಇರುತ್ತದೆ: ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’. ಸಂಕೇತ ಒಂದೇ ದಿಕ್ಕಿಗೆ ಹೋಗುವುದು. ಎಲೆಕ್ಟ್ರಿಷಿಯನ್ನಿಗೆ ಹೇಳಿಯೂ ಇದ್ದೆ. ಅವನು ಹಳೇ ಕೇಬಲಿನ ಬಾಲಕ್ಕೆ ಹೊಸದನ್ನು ಕಟ್ಟಿ ಪೈಪಿನಲ್ಲಿ ನಾಜೂಕಾಗಿ ಎಳೆದ, ಸೀಲಿಂಗಿನ ತೂತಿಗೆ ಪುಟ್ಟಿ ಮೆತ್ತಿದ, ಟೀ ಕುಡಿದ, ಹೋದ. ಸಂಜೆ ಆನ್ ಮಾಡಿದರೆ ‘ನೋ ಸಿಗ್ನಲ್’. ಸ್ಟೂಲ್ ಹತ್ತಿ ಟಾರ್ಚ್ ಬಿಟ್ಟೆ. ಪ್ರೊಜೆಕ್ಟರಿನ ಬೆನ್ನಿಗೆ ಸಿಕ್ಕಿಸಿದ್ದ ತುದಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಸೋರ್ಸ್’ ಅಂತಿತ್ತು. ಕೆಳಗಿನಿಂದ ಮಾವ ಕೂಗಿದರು, ‘ಏನಪ್ಪಾ, ಇದು ಯಾವ ವರ್ಷನ್ನು?’