ಹಾಡುಗಾರ ಬದಲಾದ ಮೇಲೂ ಅದು ಅದೇ ಬ್ಯಾಂಡಾ?

ಓದುಗರ ಪ್ರಶ್ನೆ: ಮೂಲ ಹಾಡುಗಾರನೇ ಇಲ್ಲ ಅಂದಮೇಲೆ ಅದನ್ನು ಅದೇ ಬ್ಯಾಂಡ್ ಅಂತ ಹೇಗೆ ಒಪ್ಪೋದು? ಹೊಸ ಹಾಡು ಮಾಡೋ ಆಸೆ ಇದ್ದರೆ ಹೊಸ ಹೆಸರಲ್ಲಿ ಮಾಡಬಹುದಲ್ವಾ?

ಇದಕ್ಕೆ ನಾನು ಉತ್ತರ ಬರೆಯುತ್ತಿರುವುದು ಇದು ಮೊದಲ ಸಲ ಏನಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್‌ನವರು ಎಮಿಲಿ ಆರ್ಮ್‌ಸ್ಟ್ರಾಂಗ್ ಅವರನ್ನು ಹೊಸ ಹಾಡುಗಾರ್ತಿ ಎಂದು ಪರಿಚಯಿಸಿದ ಮೇಲಂತೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೂ ಮೊದಲು ಜರ್ನಿ ಬ್ಯಾಂಡ್ ಬಗ್ಗೆ ಕೇಳುತ್ತಿದ್ದರು. ಅದಕ್ಕೂ ಮೊದಲು ಎಸಿ ಡಿಸಿ. ಒಂದೊಂದು ಸಾಲಿನ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಓದಿ ಎನ್ನಬಹುದು.

ಮೊದಲು ಚಿಕ್ಕ ಉತ್ತರ. ಆ ಬ್ಯಾಂಡಿನಲ್ಲಿ ಹಾಡು ಕಟ್ಟುವವರು ಯಾರು ಎಂದು ನೋಡಿ. ಅವರು ಉಳಿದಿದ್ದರೆ, ಹೊಸ ದನಿಗೆ ತಕ್ಕಂತೆ ಹೊಸ ಹಾಡು ಕಟ್ಟುವ ಕಷ್ಟ ತೆಗೆದುಕೊಂಡಿದ್ದರೆ, ಅದು ಅದೇ ಬ್ಯಾಂಡ್. ಹಳೆ ಹಾಡನ್ನೇ ಇನ್ನೊಬ್ಬರ ಬಾಯಲ್ಲಿ ಹಾಡಿಸಿಕೊಂಡು ಊರೂರು ಸುತ್ತುವುದು ಬೇರೆ ಮಾತು. 2016ರಲ್ಲಿ ಎಸಿ ಡಿಸಿಯ ಬ್ರಯನ್ ಜಾನ್ಸನ್‌ಗೆ ಕಿವಿಯ ತೊಂದರೆ ಜಾಸ್ತಿಯಾಗಿ, ಹೀಗೇ ಹಾಡಿದರೆ ಕಿವಿ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ನಿಲ್ಲಿಸಿದರು. ಆಗ ಗನ್ಸ್ ಎನ್ ರೋಸಸ್‌ನ ಆಕ್ಸಲ್ ರೋಸ್ ಬಂದು ಆ ಟೂರ್ ಮುಗಿಸಿಕೊಟ್ಟರು. ಚೆನ್ನಾಗಿಯೇ ಹಾಡಿದರು. ಆದರೆ ಅವರ ಜೊತೆ ಎಸಿ ಡಿಸಿ ಒಂದು ಆಲ್ಬಂ ಕೂಡ ಮಾಡಲಿಲ್ಲ. ಮುಂದಿನ ಆಲ್ಬಂ ಬಂದದ್ದು 2020ರಲ್ಲಿ, ಮತ್ತೆ ಬ್ರಯನ್ ಜಾನ್ಸನ್ ದನಿಯಲ್ಲೇ. ಸ್ಟೇಜ್ ಮೇಲೆ ಸಹಾಯಕ್ಕೆ ನಿಲ್ಲುವುದು, ಸ್ಟುಡಿಯೋದಲ್ಲಿ ಕೂತು ಜೊತೆಗೆ ಹೊಸದು ಮಾಡುವುದು, ಇವೆರಡೂ ಒಂದೇ ಅಲ್ಲ. ದಯವಿಟ್ಟು ಕಲಸಬೇಡಿ.

ಈಗ ನಿಮ್ಮ ಪ್ರಶ್ನೆಯಲ್ಲಿ ಸದ್ದಿಲ್ಲದೆ ಸೇರಿಕೊಂಡಿರುವ ಆ ಮಾತಿಗೆ ಬರೋಣ. "ಮೂಲ ಹಾಡುಗಾರ." ಎಷ್ಟು ಹೇಳಿದರೂ ಈ ನಂಬಿಕೆ ಹೋಗುವುದಿಲ್ಲ. ಹಾಡುಗಾರನೇ ಬ್ಯಾಂಡ್ ಕಟ್ಟಿದ, ಉಳಿದವರು ಹಿಂದೆ ನಿಂತು ನುಡಿಸಿದರು, ಅವನು ಹೋದ ಮೇಲೆ ಬಂದವರೆಲ್ಲ ನಕಲು. ಕೇಳೋಕೆ ಸರಿ ಅನಿಸುತ್ತದೆ. ಹೆಸರಿರುವ ಬ್ಯಾಂಡುಗಳ ಚರಿತ್ರೆ ತೆಗೆದು ನೋಡಿ, ಒಂದಾದ ಮೇಲೊಂದು ಕಡೆ ಇದು ಸುಳ್ಳು.

ಲಿಂಕಿನ್ ಪಾರ್ಕ್‌ನಿಂದಲೇ ಶುರು ಮಾಡೋಣ. ಎಮಿಲಿಗಿಂತ ಮೊದಲು ಅಲ್ಲಿ ಹಾಡುತ್ತಿದ್ದ ಚೆಸ್ಟರ್ ಬೆನ್ನಿಂಗ್ಟನ್ ಅಂದರೆ ನನಗೂ ಪ್ರಾಣ. 2017ರ ಜುಲೈನಲ್ಲಿ ಅವರು ಹೋದ ಸುದ್ದಿ ಬಂದಾಗ ನಮ್ಮಲ್ಲಿ ಎಷ್ಟು ಜನರಿಗೆ ಮನೆಯವರೇ ಹೋದಷ್ಟು ಸಂಕಟವಾಯಿತು ಎಂದು ಗೊತ್ತು. ಆದರೆ ಚೆಸ್ಟರ್ ಆ ಬ್ಯಾಂಡಿನ ಮೂಲ ಹಾಡುಗಾರ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಮೈಕ್ ಶಿನೋಡಾ, ಬ್ರಾಡ್ ಡೆಲ್ಸನ್, ರಾಬ್ ಬೋರ್ಡನ್ ಸೇರಿ ಅದನ್ನು ಶುರು ಮಾಡಿದಾಗ ಹಾಡುತ್ತಿದ್ದವರು ಮಾರ್ಕ್ ವೇಕ್‌ಫೀಲ್ಡ್. ಅವರು ಬಿಟ್ಟ ಮೇಲೆ 1999ರಲ್ಲಿ ಅರಿಜೋನಾದಲ್ಲಿದ್ದ ಚೆಸ್ಟರ್‌ಗೆ ಒಂದು ಟೇಪ್ ಹೋಯಿತು. ತನ್ನ ಹುಟ್ಟುಹಬ್ಬದ ದಿನ ಪಾರ್ಟಿ ಬಿಟ್ಟು ಸ್ಟುಡಿಯೋಗೆ ಹೋಗಿ ಆ ಟೇಪಿನ ಮೇಲೆ ಹಾಡಿ ಕಳಿಸಿದರು. ಕೆಲಸ ಸಿಕ್ಕಿತು. ಮೂಲ ಎಂದು ನೀವು ಎದೆಗೊತ್ತಿಕೊಂಡಿರುವ ಆ ದನಿಯೇ ಇನ್ನೊಬ್ಬರ ಜಾಗಕ್ಕೆ ಬಂದದ್ದು.

ಎಸಿ ಡಿಸಿ? ಬಾನ್ ಸ್ಕಾಟ್ ಮೂಲ, ಬ್ರಯನ್ ಜಾನ್ಸನ್ ಆಮೇಲಿನವರು ಎನ್ನುತ್ತಾರೆ. ಇಲ್ಲ. ಮಾಲ್ಕಮ್ ಮತ್ತು ಆಂಗಸ್ ಯಂಗ್ ಅಣ್ಣತಮ್ಮಂದಿರು 1973ರಲ್ಲಿ ಸಿಡ್ನಿಯಲ್ಲಿ ಬ್ಯಾಂಡ್ ಕಟ್ಟಿದಾಗ ಹಾಡುತ್ತಿದ್ದದ್ದು ಡೇವ್ ಇವಾನ್ಸ್. ಮೊದಲ ಸಿಂಗಲ್‌ನಲ್ಲಿ ಇರುವುದು ಅವರ ದನಿ. ಜರ್ನಿ? ಸ್ಟೀವ್ ಪೆರ್ರಿ ಬರುವಷ್ಟರಲ್ಲಿ ಆ ಬ್ಯಾಂಡ್ ಮೂರು ಆಲ್ಬಂ ಹೊರತಂದಿತ್ತು, ಗ್ರೆಗ್ ರೋಲಿ ಕೀಬೋರ್ಡ್ ನುಡಿಸುತ್ತಾ ಹಾಡುತ್ತಿದ್ದರು. 2007ರಲ್ಲಿ ಗಿಟಾರಿಸ್ಟ್ ನೀಲ್ ಶಾನ್ ಯೂಟ್ಯೂಬ್‌ನಲ್ಲಿ ಫಿಲಿಪ್ಪೀನ್ಸ್‌ನ ಆರ್ನೆಲ್ ಪಿನೆಡಾ ಹಾಡುವುದನ್ನು ನೋಡಿ ಕರೆಸಿಕೊಂಡರು ಅಂತ ಜನ ಸಿಟ್ಟಾದರಲ್ಲ, ಆ ಶಾನ್ 1973ರಿಂದ ಅಲ್ಲೇ ಇದ್ದವರು. ಪೆರ್ರಿಗಿಂತ ಮೊದಲೂ ಇದ್ದರು, ಪೆರ್ರಿ ಹೋದ ಮೇಲೂ ಇದ್ದರು.

ಇನ್ನು ಐರನ್ ಮೇಡನ್. ಇದು ನಮ್ಮೂರಿಗೂ ಸಂಬಂಧಪಟ್ಟದ್ದು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ಭಾರತದಲ್ಲಿ ಮೊದಲ ಸಲ ನುಡಿಸಿದರು. ಅವತ್ತು ಅಲ್ಲಿ ಸೇರಿದ್ದ ಜನಸಾಗರ ಗಂಟಲು ಹರಿಯುವ ಹಾಗೆ ಬ್ರೂಸ್ ಡಿಕಿನ್ಸನ್ ಜೊತೆ ಹಾಡಿತು. ಅವರಲ್ಲಿ ಒಬ್ಬರಾದರೂ "ಮೂಲ ಹಾಡುಗಾರ ಎಲ್ಲಿ" ಎಂದು ಕೇಳಿದರಾ? ಸ್ಟೀವ್ ಹ್ಯಾರಿಸ್ 1975ರಲ್ಲಿ ಕಟ್ಟಿದ ಆ ಬ್ಯಾಂಡಿನಲ್ಲಿ ಮೊದಲು ಪಾಲ್ ಡೇ, ಆಮೇಲೆ ಡೆನಿಸ್ ವಿಲ್ಕಾಕ್, ಆಮೇಲೆ ಪಾಲ್ ಡಿಯಾನೊ. ಮೊದಲ ಎರಡು ಆಲ್ಬಂ ಡಿಯಾನೊ ಅವರದ್ದು. ಬ್ರೂಸ್ ಬಂದದ್ದು 1981ರಲ್ಲಿ. ಅವರು ಹಾಡಿದ ಮೊದಲ ಆಲ್ಬಂ 1982ರಲ್ಲಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದಕ್ಕೆ ಮುಂಚೆ ಆ ಬ್ಯಾಂಡಿಗೆ ಆ ಸ್ಥಾನ ಸಿಕ್ಕಿರಲಿಲ್ಲ.

ನಾವು ಮೊದಲು ಕೇಳಿದ ದನಿಯನ್ನೇ ಮೂಲ ಎಂದುಕೊಳ್ಳುತ್ತೇವೆ, ಅಷ್ಟೇ. ಅದರಲ್ಲಿ ತಪ್ಪಿಲ್ಲ. ಪ್ರೀತಿ ಹಾಗೇ ಹುಟ್ಟುತ್ತದೆ. ಆದರೆ ಆ ಪ್ರೀತಿಯನ್ನು ಚರಿತ್ರೆ ಎಂದು ಹೇಳಬೇಡಿ.

"ಸರಿ, ಬ್ಲ್ಯಾಕ್ ಸಬ್ಬತ್‌ನಲ್ಲಿ ಓಝಿ ಆಸ್ಬರ್ನ್ ನಿಜವಾಗಿಯೂ ಮೊದಲಿನಿಂದ ಇದ್ದವರು" ಎಂದು ಈಗ ನೀವು ಹೇಳುತ್ತೀರಿ. ಹೌದು, ಇದ್ದರು. ಅದಕ್ಕೇ ಆ ಬ್ಯಾಂಡಿನ ಕಥೆ ಇನ್ನೂ ಒಳ್ಳೆಯ ಪಾಠ. ಓಝಿ ಹಾಡಿದ ಸಾಹಿತ್ಯದಲ್ಲಿ ಹೆಚ್ಚಿನದನ್ನು ಬರೆದವರು ಬೇಸ್ ನುಡಿಸುತ್ತಿದ್ದ ಗೀಜರ್ ಬಟ್ಲರ್. ರಿಫ್‌ಗಳು, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಸಣ್ಣ ಸ್ವರಸಾಲುಗಳು, ಗಿಟಾರಿಸ್ಟ್ ಟೋನಿ ಐಯೋಮಿ ಅವರ ಬೆರಳಿಂದ ಬಂದವು. 1979ರಲ್ಲಿ ಓಝಿಯನ್ನು ಕಳಿಸಿ ರಾನಿ ಜೇಮ್ಸ್ ಡಿಯೊ ಅವರನ್ನು ತಂದರು. ಡಿಯೊ ಸಾಹಿತ್ಯ ತಾವೇ ಬರೆಯುವವರು. 1980ರ ಏಪ್ರಿಲ್‌ನಲ್ಲಿ 'ಹೆವನ್ ಅಂಡ್ ಹೆಲ್' ಆಲ್ಬಂ ಬಂತು.

ಇಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ, ಹತ್ತು ನಿಮಿಷ ಸಾಕು. ಮೊದಲು ಓಝಿ ಕಾಲದ 'ಐರನ್ ಮ್ಯಾನ್' ಹಾಕಿ. ಗಿಟಾರ್ ಯಾವ ಸ್ವರದಲ್ಲಿ ಹೋಗುತ್ತದೋ ಹಾಡುಗಾರನೂ ಅದೇ ಸ್ವರದಲ್ಲಿ ಅದರ ಬೆನ್ನು ಹಿಡಿದೇ ಹೋಗುತ್ತಾನೆ. ದನಿ ಮತ್ತು ರಿಫ್ ಒಂದಕ್ಕೊಂದು ಅಂಟಿಕೊಂಡಿವೆ. ಈಗ 'ಹೆವನ್ ಅಂಡ್ ಹೆಲ್' ಶೀರ್ಷಿಕೆ ಹಾಡು ಹಾಕಿ. ಶುರುವಲ್ಲಿ ದೊಡ್ಡ ರಿಫ್ ಬರುತ್ತದೆ. ಚರಣ ಶುರುವಾದ ಕೂಡಲೇ ಗಿಟಾರ್ ಹಿಂದೆ ಸರಿಯುತ್ತದೆ. ಬೇಸ್ ಮತ್ತು ಡ್ರಮ್ ಮಾತ್ರ ಒಂದೇ ನಡಿಗೆಯಲ್ಲಿ ಹೋಗುತ್ತಿರುತ್ತವೆ. ಆ ಖಾಲಿ ಜಾಗದಲ್ಲಿ ಡಿಯೊ ತನ್ನದೇ ರಾಗ ಎಳೆಯುತ್ತಾರೆ. ಓಝಿ ರಿಫ್ ಜೊತೆ ಹಾಡುತ್ತಿದ್ದರು, ಡಿಯೊ ರಿಫ್ ಅಡ್ಡ ಹಾಯ್ದು ಹಾಡುತ್ತಿದ್ದರು, ಅದರಿಂದ ತಾನು ಹಾಡು ಕಟ್ಟುವ ರೀತಿಯೇ ಬದಲಾಯಿತು ಎಂದು ಐಯೋಮಿ ಅವರೇ ಹೇಳಿದ್ದಾರೆ. ಹೊಸ ಹಾಡುಗಾರನ ಜೊತೆ ರೆಕಾರ್ಡ್ ಮಾಡುವುದು ಅಂದರೆ ಇದು. ಗಿಟಾರಿಸ್ಟ್ ತನ್ನ ಕೈ ಎಲ್ಲಿ ತಡೆಯಬೇಕು ಎಂದು ಮತ್ತೆ ಕಲಿಯುವುದು.

ಅದೇ 1980ರ ಇನ್ನೊಂದು ಕಥೆ ಬಹಳ ಜನಕ್ಕೆ ಅರ್ಧ ಮಾತ್ರ ಗೊತ್ತು. ಎಸಿ ಡಿಸಿಯ ಬಾನ್ ಸ್ಕಾಟ್ ಫೆಬ್ರವರಿ 19ರಂದು ಲಂಡನ್ನಿನಲ್ಲಿ ತೀರಿಕೊಂಡರು. 33 ವರ್ಷ. ಏಪ್ರಿಲ್ ಹೊತ್ತಿಗೆ ಬ್ರಯನ್ ಜಾನ್ಸನ್ ಬಂದಾಗಿತ್ತು. "ಅಷ್ಟು ಬೇಗ ಮರೆತುಬಿಟ್ಟರಾ" ಎಂದು ಇಂದಿಗೂ ಕೇಳುವವರಿದ್ದಾರೆ. ಮರೆತವರು ಮುಂದಿನ ಆಲ್ಬಂನ ಕವರನ್ನು ಶೋಕಕ್ಕೆಂದು ಪೂರ್ತಿ ಕಪ್ಪು ಮಾಡುವುದಿಲ್ಲ. ನಿಲ್ಲಿಸಬೇಡಿ, ಮುಂದುವರಿಸಿ ಎಂದದ್ದು ಬಾನ್ ಅವರ ತಂದೆ ತಾಯಿ. ಬ್ರಯನ್ ಹೆಸರನ್ನು ಮೊದಲು ಆ ಹುಡುಗರ ಕಿವಿಗೆ ಹಾಕಿದ್ದು ಸ್ವತಃ ಬಾನ್. ಬ್ರಯನ್ ಜೋರ್ಡಿ ಎಂಬ ಬ್ಯಾಂಡಿನಲ್ಲಿ ಹಾಡುವುದನ್ನು ನೋಡಿ ಮೆಚ್ಚಿ ಬಂದಿದ್ದರು. ಪರೀಕ್ಷೆಗೆ ಬಂದ ದಿನ ಬ್ರಯನ್ ಎತ್ತಿಕೊಂಡ ಮೊದಲ ಹಾಡು ಬಾನ್‌ದಲ್ಲ, ಟೀನಾ ಟರ್ನರ್ ಅವರದ್ದು.

ಆಮೇಲೆ ಎಲ್ಲರೂ ಬಹಾಮಾಸ್‌ನ ನಸಾವಿಗೆ ಹೋದರು. ಕಂಪಾಸ್ ಪಾಯಿಂಟ್ ಸ್ಟುಡಿಯೋ, ನಿರ್ಮಾಪಕ ಮಟ್ ಲ್ಯಾಂಗ್. ಹಾಡಿನ ಸಾಹಿತ್ಯ ಬರೆಯುವ ಹೊಣೆ ಬ್ರಯನ್ ಮೇಲೆ ಬಿತ್ತು. ಹೊರಗೆ ಗುಡುಗು ಸಿಡಿಲಿನ ಮಳೆ ಹೊಡೆಯುತ್ತಿದ್ದಾಗ ಆ ಮಳೆಯನ್ನೇ ಮೊದಲ ಹಾಡಿನ ಸಾಲಿಗೆ ತಂದೆ ಎಂದು ಬ್ರಯನ್ ಹೇಳಿದ್ದಾರೆ. ಆ ಹಾಡು ಶುರುವಾಗುವುದು ಗಂಟೆಯ ಸದ್ದಿನಿಂದ. ಬಾನ್‌ಗಾಗಿ ಹೊಡೆದ ಗಂಟೆ. ಅದಕ್ಕಾಗಿ ಇಂಗ್ಲೆಂಡಿನ ಲಫ್‌ಬರೋ ಊರಿನ ಜಾನ್ ಟೇಲರ್ ಫೌಂಡ್ರಿಗೆ ದೊಡ್ಡ ಗಂಟೆ ಎರಕ ಹೊಯ್ಯಲು ಹೇಳಿದ್ದರು. ಮೊದಲು ಆ ಊರಿನ ಯುದ್ಧ ಸ್ಮಾರಕದ ಗೋಪುರದ ಗಂಟೆಯನ್ನೇ ರೆಕಾರ್ಡ್ ಮಾಡಲು ನೋಡಿದರು. ಒಂದೊಂದು ಏಟಿಗೂ ಒಳಗಿದ್ದ ಹಕ್ಕಿಗಳು ಎದ್ದು ಪಟಪಟ ಹಾರಿ, ಆ ರೆಕ್ಕೆ ಸದ್ದೆಲ್ಲ ಮೈಕಿಗೆ ಬಿತ್ತು. ಕೊನೆಗೆ ಫೌಂಡ್ರಿಗೇ ಹೋಗಿ ಅಲ್ಲಿದ್ದ ಹೊಸ ಗಂಟೆಯನ್ನು ಹೊಡೆದು ಹಿಡಿದರು. ಇಷ್ಟು ಕಾಳಜಿಯಿಂದ ಸಂತಾಪ ಸೂಚಿಸಿದವರನ್ನು ಮರೆತವರು ಎನ್ನಬೇಡಿ. ಜುಲೈನಲ್ಲಿ ಆ ಆಲ್ಬಂ, 'ಬ್ಯಾಕ್ ಇನ್ ಬ್ಲ್ಯಾಕ್', ಹೊರಬಂತು. ಅಮೆರಿಕ ಒಂದರಲ್ಲೇ ಅದರ ಮಾರಾಟದ ಲೆಕ್ಕ ಎರಡೂವರೆ ಕೋಟಿ ಪ್ರತಿ ದಾಟಿದೆ.

ಹಾಗಂತ ಎಲ್ಲಾ ಸಲ ಹೀಗೆ ಆಗುತ್ತದೆ ಅಂತಲ್ಲ. ವ್ಯಾನ್ ಹೇಲನ್ ಬ್ಯಾಂಡ್ 1986ರಲ್ಲಿ ಹೊಸ ಹಾಡುಗಾರ ಸ್ಯಾಮಿ ಹೇಗರ್ ಜೊತೆ ಗೆದ್ದಿತು, 1998ರಲ್ಲಿ ಗ್ಯಾರಿ ಶೆರೋನ್ ಜೊತೆ ಸೋತಿತು. ಮೇಡನ್‌ನ ಬ್ಲೇಜ್ ಬೇಲಿ ಕಥೆ ನನಗೆ ಇವತ್ತಿಗೂ ಬೇಸರ ತರುತ್ತದೆ. ಬ್ರೂಸ್ ಬಿಟ್ಟು ಹೋದ ಮೇಲೆ 1995 ಮತ್ತು 1998ರ ಎರಡು ಆಲ್ಬಂ ಅವರು ಹಾಡಿದರು. ಬ್ಲೇಜ್ ಅವರದ್ದು ಕೆಳಸ್ಥಾಯಿಯ, ಗಡಸಾದ ದನಿ. ಸ್ಟೇಜ್ ಮೇಲೆ ಬ್ರೂಸ್‌ನ ಮೇಲಿನ ಸ್ವರಗಳನ್ನು ಅದೇ ಶ್ರುತಿಯಲ್ಲಿ ಹಾಡಬೇಕಾಯಿತು. ರಾತ್ರಿ ಬಿಟ್ಟು ರಾತ್ರಿ ಹಾಗೆ ಹಾಡಿದರೆ ಯಾವ ಗಂಟಲು ತಡೆಯುತ್ತದೆ? ಜನ ಅವರನ್ನು ಬೈದರು. ಆದರೆ ಅವರ ದನಿಗೆಂದೇ ಕಟ್ಟಿದ 'ಸೈನ್ ಆಫ್ ದ ಕ್ರಾಸ್', 'ದ ಕ್ಲಾನ್ಸ್‌ಮನ್' ಹಾಡುಗಳನ್ನು ಬ್ರೂಸ್ 1999ರಲ್ಲಿ ವಾಪಸ್ ಬಂದ ಮೇಲೆ ತಾವೇ ಹಾಡಿದರು. ಕೆಟ್ಟ ಹಾಡಾಗಿದ್ದರೆ ಹಾಡುತ್ತಿದ್ದರಾ? ಸೋತದ್ದು ಹೊಸ ಹಾಡುಗಳಲ್ಲ. ಒಬ್ಬರ ಗಂಟಲಿಗೆ ಹೊಲಿದ ಅಂಗಿಯನ್ನು ಇನ್ನೊಬ್ಬರ ಮೈಗೆ ಎಳೆದು ತೊಡಿಸಲು ಹೋದದ್ದು.

ಲಿಂಕಿನ್ ಪಾರ್ಕ್‌ನ 2024ರ ನವೆಂಬರ್ ಆಲ್ಬಂ 'ಫ್ರಂ ಝೀರೋ' ಬಗ್ಗೆ ನನ್ನ ಮಾತು ಇಷ್ಟೇ. ಅದರಲ್ಲಿ ಎಮಿಲಿ ಹಾಡುವಾಗ ಚೆಸ್ಟರ್‌ನನ್ನು ಹುಡುಕಬೇಡಿ. ಶಿನೋಡಾ ಎಲ್ಲಿ ಜಾಗ ಬಿಟ್ಟಿದ್ದಾರೆ, ಆಕೆ ಆ ಜಾಗದಲ್ಲಿ ಏನು ಮಾಡಿದ್ದಾರೆ ಅದನ್ನು ಕೇಳಿ. ಇಷ್ಟವಾಗದಿದ್ದರೆ ಬಿಡಿ. ಇಷ್ಟವಾಗಲಿಲ್ಲ ಎನ್ನುವುದು ಒಳ್ಳೆಯ, ನೇರವಾದ ಮಾತು. ನಕಲಿ ಎನ್ನುವುದು ಬೇರೆ ಆರೋಪ.

ಈಗ ಯಾರೂ ಸರಿಯಾಗಿ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ. ಬ್ಯಾಂಡಿನ ಹೆಸರು ಯಾರದ್ದು? ನೀವು ಹೊಸ ಹೆಸರು ಇಟ್ಟುಕೊಳ್ಳಲಿ ಎಂದಿರಿ. ಅಂದರೆ ಹಳೆ ಹೆಸರು ಮೂಲ ಹಾಡುಗಾರನ ಜೊತೆ ಹೋಗಬೇಕು ಎಂದ ಹಾಗಾಯಿತು. ಇದನ್ನು ಒಬ್ಬರು ನಿಜವಾಗಿಯೂ ಮಾಡಿ ನೋಡಿದ್ದಾರೆ.

ಡೀಪ್ ಪರ್ಪಲ್ ಎಂದರೆ ಎಲ್ಲರಿಗೂ ಇಯಾನ್ ಗಿಲನ್. ಆದರೆ 1968ರಿಂದ ಮೊದಲ ಮೂರು ಆಲ್ಬಂ ಹಾಡಿದವರು ರಾಡ್ ಇವಾನ್ಸ್. 1969ರಲ್ಲಿ ಅವರನ್ನು ಬಿಟ್ಟು ಗಿಲನ್‌ರನ್ನು ತಂದರು, ಮುಂದೆ ಗಿಲನ್ ಹೋಗಿ ಡೇವಿಡ್ ಕವರ್‌ಡೇಲ್ ಬಂದರು, 1976ರಲ್ಲಿ ಬ್ಯಾಂಡೇ ಒಡೆಯಿತು. ಹೆಸರು ಖಾಲಿ ಬಿದ್ದಿತ್ತು. 1980ರಲ್ಲಿ ಇವಾನ್ಸ್ ಬೇರೆ ನಾಲ್ವರು ವಾದ್ಯಗಾರರನ್ನು ಸೇರಿಸಿಕೊಂಡು ಡೀಪ್ ಪರ್ಪಲ್ ಹೆಸರಲ್ಲೇ ಅಮೆರಿಕ, ಮೆಕ್ಸಿಕೋ ಸುತ್ತಿದರು. ನೀವು ಕೇಳುವ ಮೂಲ ಹಾಡುಗಾರ ಅಲ್ಲಿದ್ದರು, ಕಣ್ಣೆದುರೇ. ಉಳಿದವರು ಯಾರೂ ಇರಲಿಲ್ಲ. ದುಡ್ಡು ಕೊಟ್ಟು ಬಂದ ಜನ ಮೋಸ ಹೋದೆವು ಎಂದು ರೊಚ್ಚಿಗೆದ್ದರು. ನಿಜವಾದ ಬ್ಯಾಂಡಿನ ಕಡೆಯವರು ಕೋರ್ಟಿಗೆ ಹೋದರು. ಕೋರ್ಟು 6,72,000 ಡಾಲರ್ ಕಟ್ಟಿ ಎಂದಿತು. ಮೊದಲ ಮೂರು ಆಲ್ಬಂಗಳ ರಾಯಧನವೂ ಇವಾನ್ಸ್ ಕೈ ತಪ್ಪಿತು. ಅವರು ಸಂಗೀತವನ್ನೇ ಬಿಟ್ಟರು.

ಹೆಸರು ಅಂದರೆ ಕಾಗದದ ಮೇಲಿನ ಒಪ್ಪಂದ. ಬ್ಯಾಂಡ್ ಬಿಟ್ಟು ಹೋಗುವವರು ಹೆಸರಿನ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟು ಹೋಗಬೇಕು ಎಂಬ ಷರತ್ತು ಇದ್ದರೆ, ಅವರು ಎಷ್ಟೇ ಮೊದಲಿನವರಾದರೂ ಆ ಹೆಸರಲ್ಲಿ ಟಿಕೆಟ್ ಮಾರುವ ಹಾಗಿಲ್ಲ. ಡೀಪ್ ಪರ್ಪಲ್ ಹೆಸರು ಮತ್ತೆ 1984ರಲ್ಲಿ ಹೊಸ ಆಲ್ಬಂ ಮೇಲೆ ಬಂತು, ಹಾಡಿದ್ದು ಎರಡನೆಯವರಾದ ಗಿಲನ್. 2016ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆ ಬ್ಯಾಂಡನ್ನು ಸೇರಿಸಿಕೊಂಡಾಗ ಪಟ್ಟಿಯಲ್ಲಿ ಇವಾನ್ಸ್, ಗಿಲನ್, ಕವರ್‌ಡೇಲ್ ಮೂವರ ಹೆಸರೂ ಇತ್ತು. ನನ್ನ ಪ್ರಕಾರ ಅದು ಸರಿಯಾದ ಪಟ್ಟಿ. ಆ ಮೂವರಲ್ಲಿ ಇವಾನ್ಸ್ ಹಾಡಿರುವುದನ್ನು ನೀವು ಕೇಳಿರಲಿಕ್ಕಿಲ್ಲ. 'ಹಶ್' ಹುಡುಕಿ ಕೇಳಿ, ಚೆನ್ನಾಗಿದೆ.